ತನ್ನ ಲೆಕ್ಕ ತಾನೇ ಬರೆದ ಮುದ್ರಕ

ಸರಕಾರಿ ಕೆಲಸದಲ್ಲಿರುವವನಿಗೆ ಮೇಲಧಿಕಾರಿ ಇರುತ್ತಾನೆ. ನಮ್ಮಂತಹ ಶಾಲಾ ಅಧ್ಯಾಪಕರಿಗೆ ಮುಖ್ಯೋಪಾಧ್ಯಾಯರಿದ್ದಾರೆ, ಇನ್‌ಸ್ಪೆಕ್ಷನ್ ಇದೆ, ಅದೆಲ್ಲ ತಪ್ಪಿದರೂ ಮಕ್ಕಳ ಪರೀಕ್ಷೆಯ ಫಲಿತಾಂಶವಿದೆ. ಆದರೆ ಅಂಗಡಿಗಳಿಗೆ ಬೋರ್ಡು ಬರೆದು ಬದುಕುವವನು, ಮದುವೆ ಮನೆಗಳಲ್ಲಿ ಫೋಟೊ ತೆಗೆಯುವವನು, ಆಮಂತ್ರಣ ಪತ್ರಿಕೆ ಅಚ್ಚು ಹಾಕಿ ಕೊಡುವವನು, ಪತ್ರಿಕೆಗಳಿಗೆ ಬರೆದು ನಾಲ್ಕು ಕಾಸು ಸಂಪಾದಿಸುವವನು, ಇವರನ್ನು ತನಿಖೆ ಮಾಡುವವರು ಯಾರು? ಅಸಮಾಧಾನಗೊಂಡ ಗಿರಾಕಿ ಜಗಳವಾಡುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಬೇರೊಂದು ಅಂಗಡಿಯ ಮೆಟ್ಟಲು ಹತ್ತುತ್ತಾನೆ, ಅಷ್ಟೆ. ತಪ್ಪು ಎಲ್ಲಿ ಆಯಿತೆಂದು ಕಸುಬಿನವನಿಗೆ ಯಾರೂ ಹೇಳುವುದಿಲ್ಲ. ಅದನ್ನು ಅವನೇ ಹುಡುಕಿಕೊಳ್ಳಬೇಕು.

ಹಾಗೆ ಹುಡುಕುವುದನ್ನೇ ಒಂದು ಅಭ್ಯಾಸವಾಗಿ ಮಾಡಿಕೊಂಡ ಒಬ್ಬ ಮುದ್ರಕನ ಕಥೆ ಇದು. ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಗಾಳಿಪಟವೂ ಮಿಂಚೂ ನೆನಪಾಗುತ್ತವೆ. ಅಮೆರಿಕದ 100 ಡಾಲರ್ ನೋಟಿನ ಮೇಲಿರುವ ಮುಖ ಅವನದು. ರಾಯಭಾರಿ, ವಿಜ್ಞಾನಿ, ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲಿ ಒಬ್ಬ. ಅದೆಲ್ಲ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ಇಲ್ಲಿ ಹೇಳಹೊರಟಿರುವುದು ಅಚ್ಚುಕೂಟದ ಫ್ರಾಂಕ್ಲಿನನ ವಿಷಯ.

1706ರ ಜನವರಿ 17ರಂದು ಬಾಸ್ಟನ್ ಪಟ್ಟಣದಲ್ಲಿ ಅವನ ಜನನ. ಅಮೆರಿಕ ಆಗ ಸ್ವತಂತ್ರ ದೇಶವಲ್ಲ, ಇಂಗ್ಲೆಂಡಿನ ವಸಾಹತು. ತಂದೆ ಜೋಸೈಯ ಇಂಗ್ಲೆಂಡಿನಿಂದ ಬಂದು ನೆಲೆಸಿದವನು. ಪ್ರಾಣಿಗಳ ಕೊಬ್ಬನ್ನು ಕಾಯಿಸಿ ದೀಪದ ಬತ್ತಿ ಮತ್ತು ಸಾಬೂನು ತಯಾರಿಸಿ ಮಾರುತ್ತಿದ್ದ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾದ ಅವನಿಗೆ ಒಟ್ಟು 17 ಮಕ್ಕಳು. ಬೆಂಜಮಿನ್ 15ನೆಯವನು. ಇಷ್ಟು ಮಂದಿಯ ಹೊಟ್ಟೆ ಹೊರೆಯಬೇಕಾದ ಮನೆಯಲ್ಲಿ ಹುಡುಗನ ಶಾಲೆ ಎರಡೇ ವರ್ಷಕ್ಕೆ ಮುಗಿಯಿತು. ಹತ್ತನೆಯ ಪ್ರಾಯದಲ್ಲಿ ಅವನು ತಂದೆಯ ಜತೆ ಕುಳಿತು ಬತ್ತಿ ಕತ್ತರಿಸಿದ, ಅಚ್ಚಿಗೆ ಕೊಬ್ಬು ಹೊಯ್ದ. ಆ ಕೆಲಸ ಅವನಿಗೆ ಹಿಡಿಸಲಿಲ್ಲ. ಪುಸ್ತಕದ ಹುಚ್ಚು ಇದ್ದ ಹುಡುಗನನ್ನು ಎಲ್ಲಿಗೆ ಸೇರಿಸುವುದೆಂದು ಆಲೋಚಿಸಿದ ತಂದೆ, 12ನೆಯ ಪ್ರಾಯದಲ್ಲಿ ಅವನನ್ನು ಮುದ್ರಕನಾಗಿದ್ದ ಅಣ್ಣ ಜೇಮ್ಸನ ಕೈಕೆಳಗೆ ಬಿಟ್ಟ. 21 ತುಂಬುವವರೆಗೆ ದುಡಿಯಬೇಕು, ಕೊನೆಯ ಒಂದು ವರ್ಷ ಮಾತ್ರ ಸಂಬಳ ಎಂಬ ಕರಾರು.

ಅಚ್ಚುಕೂಟವೆಂದರೆ ಏನೆಂದು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಕಂಪ್ಯೂಟರ್ ಬಂದ ಮೇಲೆ ಸೀಸದ ಮೊಳೆಗಳು ನಮ್ಮ ಊರುಗಳಿಂದ ಮಾಯವಾಗಿವೆ. ಒಂದೊಂದು ಅಕ್ಷರಕ್ಕೂ ಒಂದೊಂದು ಮೊಳೆ. ಅವನ್ನು ಖಾನೆಗಳಿಂದ ಹೆಕ್ಕಿ, ತಲೆಕೆಳಗಾಗಿ ಜೋಡಿಸಿ, ಪುಟ ಕಟ್ಟಿ, ಶಾಯಿ ಬಳಿದು, ಕರಡಚ್ಚು ತೆಗೆದು ತಪ್ಪು ನೋಡಿ, ತಿದ್ದಿ, ಮತ್ತೆ ಒತ್ತಬೇಕು. ಅಚ್ಚಾದ ಪುಸ್ತಕದಲ್ಲೂ ತಪ್ಪು ಉಳಿದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಹಚ್ಚುತ್ತಿದ್ದರು. ನಮ್ಮ ಕರಾವಳಿಗೆ ಈ ವಿದ್ಯೆ ಭದ್ರವಾಗಿ ಬಂದದ್ದು 1841ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿದಾಗ. ಫ್ರಾಂಕ್ಲಿನ್ ಸತ್ತು ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಕರಡು ತೆಗೆದು ತಪ್ಪು ಹುಡುಕುವ ಈ ಕಸುಬಿನ ರೀತಿಯೇ ಅವನ ಮನಸ್ಸಿಗೂ ಹತ್ತಿತು ಎಂದು ನನಗೆ ತೋರುತ್ತದೆ. ಮುಂದೆ ಆತ್ಮಕಥೆ ಬರೆಯುವಾಗ ತನ್ನ ಬಾಳಿನ ದೊಡ್ಡ ತಪ್ಪುಗಳನ್ನು ಅವನು ಪಾಪವೆಂದು ಕರೆಯಲಿಲ್ಲ. ಮುದ್ರಕರು ಅಚ್ಚಿನ ದೋಷಕ್ಕೆ ಹೇಳುವ ಶಬ್ದವನ್ನೇ ಅವಕ್ಕೂ ಬಳಸಿದ.

ಬರವಣಿಗೆಯನ್ನು ಅವನು ಕಲಿತ ಬಗೆಯನ್ನು ನಾನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಲಂಡನ್ನಿನ ಸ್ಪೆಕ್ಟೇಟರ್ ಎಂಬ ಪತ್ರಿಕೆಯ ಒಂದು ಸಂಪುಟ ಅವನ ಕೈಗೆ ಸಿಕ್ಕಿತು. ಅದರ ಪ್ರಬಂಧಗಳನ್ನು ಓದಿ, ಒಂದೊಂದು ವಾಕ್ಯದ ಭಾವವನ್ನು ಎರಡು ಶಬ್ದಗಳಲ್ಲಿ ಗುರುತು ಹಾಕಿಕೊಂಡು, ಕೆಲವು ದಿನ ಹಾಗೇ ಬಿಟ್ಟುಬಿಡುತ್ತಿದ್ದ. ಮತ್ತೆ ಪುಸ್ತಕ ನೋಡದೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆದು, ಮೂಲದೊಂದಿಗೆ ಹೋಲಿಸಿ, ತನ್ನ ತಪ್ಪುಗಳನ್ನು ತಿದ್ದುತ್ತಿದ್ದ. ಶಬ್ದಭಂಡಾರ ಸಾಲದೆಂದು ಕಂಡಾಗ ಗದ್ಯವನ್ನು ಪದ್ಯಕ್ಕೆ ತಿರುಗಿಸಿ, ಕೆಲಕಾಲದ ಅನಂತರ ಆ ಪದ್ಯವನ್ನು ಮರಳಿ ಗದ್ಯ ಮಾಡುತ್ತಿದ್ದ. ಗುರುತುಗಳನ್ನು ಬೇಕೆಂದೇ ಕಲಸಿ, ಮತ್ತೆ ಕ್ರಮಪಡಿಸಿ, ಆಲೋಚನೆಗಳನ್ನು ಜೋಡಿಸುವುದನ್ನೂ ಕಲಿತ. ಇದೆಲ್ಲ ರಾತ್ರಿ ಕೆಲಸ ಮುಗಿದ ಮೇಲೆ, ಬೆಳಗ್ಗೆ ಕೆಲಸ ಸುರುವಾಗುವ ಮೊದಲು, ಇಲ್ಲವೆ ಆದಿತ್ಯವಾರಗಳಂದು. ಶಾಲೆಯಲ್ಲಿ ಅವನಿಗೆ ಗಣಿತ ಹತ್ತಿರಲಿಲ್ಲ. 16ನೆಯ ಪ್ರಾಯದಲ್ಲಿ ಅದಕ್ಕೆ ನಾಚಿಕೆಪಟ್ಟು, ಅಂಕಗಣಿತದ ಪುಸ್ತಕ ಹಿಡಿದು ತಾನಾಗಿಯೇ ಕಲಿತ. ಮುಂದೆ ಅಂಗಡಿಯ ಲೆಕ್ಕ ಬರೆಯಲು ಅದು ಉಪಯೋಗಕ್ಕೆ ಬಂತು.

1721ರಲ್ಲಿ ಜೇಮ್ಸ್ ಒಂದು ವಾರಪತ್ರಿಕೆ ಆರಂಭಿಸಿದ. ತಮ್ಮನ ಬರವಣಿಗೆಯನ್ನು ಅಣ್ಣ ಹಾಕಲಾರನೆಂದು ತಿಳಿದ ಬೆಂಜಮಿನ್, ಒಬ್ಬ ವಿಧವೆಯ ಹೆಸರಿನಲ್ಲಿ ಪತ್ರ ಬರೆದು ರಾತ್ರಿಯಲ್ಲಿ ಅಚ್ಚುಕೂಟದ ಬಾಗಿಲ ಸಂದಿಯಿಂದ ತೂರಿಸಿದ. ಎಲ್ಲರೂ ಮೆಚ್ಚಿ ಅಚ್ಚು ಹಾಕಿದರು. 1722ರಲ್ಲಿ ಇಂತಹ 14 ಪತ್ರಗಳು ಬಂದವು. ಅಣ್ಣ ತಮ್ಮಂದಿರಿಗೆ ಕೂಡಿ ಬರಲಿಲ್ಲ. ಅಣ್ಣ ಹೊಡೆಯುವುದೂ ಇತ್ತು. 1723ರಲ್ಲಿ ಕರಾರು ಮುರಿದು ಬೆಂಜಮಿನ್ ಊರು ಬಿಟ್ಟು ಓಡಿದ. ಆತ್ಮಕಥೆಯ ತಪ್ಪುಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ.

17ರ ಹುಡುಗ ಫಿಲಡೆಲ್ಫಿಯಾದಲ್ಲಿ ಇಳಿದಾಗ ಕೈಯಲ್ಲಿದ್ದುದು ಒಂದು ಡಚ್ ಡಾಲರ್ ಮತ್ತು ಸುಮಾರು ಒಂದು ಶಿಲ್ಲಿಂಗಿನ ತಾಮ್ರದ ನಾಣ್ಯ. ಆ ತಾಮ್ರವನ್ನು ದೋಣಿಯವರಿಗೆ ಕೊಟ್ಟ. ಮೂರು ದೊಡ್ಡ ಬ್ರೆಡ್ಡು ಕೊಂಡು, ಎರಡನ್ನು ಎರಡು ಕಂಕುಳಲ್ಲಿ ಇಟ್ಟು, ಒಂದನ್ನು ತಿನ್ನುತ್ತ ಬೀದಿಯಲ್ಲಿ ನಡೆದ. ಮನೆಬಾಗಿಲಲ್ಲಿ ನಿಂತು ಈ ವೇಷವನ್ನು ನೋಡಿದ ಡೆಬೊರಾ ರೀಡ್ ಎಂಬ ಹುಡುಗಿ ಮುಂದೆ ಅವನ ಹೆಂಡತಿಯಾದಳು.

ಕೀಮರ್ ಎಂಬ ಮುದ್ರಕನ ಬಳಿ ಕೆಲಸ ಸಿಕ್ಕಿತು. ಪ್ರಾಂತದ ಗವರ್ನರ್ ಕೀತ್ ಹುಡುಗನ ಜಾಣ್ಮೆ ಕಂಡು, ಸ್ವಂತ ಅಚ್ಚುಕೂಟ ಹಾಕಿಸಿ ಕೊಡುವೆನೆಂದೂ, ಲಂಡನ್ನಿಗೆ ಹೋಗಿ ಸಾಮಾನು ತರಬೇಕೆಂದೂ, ಸಾಲಕ್ಕೆ ಪತ್ರ ಕೊಡುವೆನೆಂದೂ ಹೇಳಿದ. 1724ರ ಕ್ರಿಸ್ಮಸ್ ಹೊತ್ತಿಗೆ ಲಂಡನ್ನಿಗೆ ತಲಪಿ ನೋಡುವಾಗ ಪತ್ರವೂ ಇಲ್ಲ, ಹಣವೂ ಇಲ್ಲ. ಗವರ್ನರನಿಗೆ ಮಾತು ಕೊಡುವುದೊಂದೇ ಗೊತ್ತಿತ್ತು. ಪರಊರಿನಲ್ಲಿ ಸಿಕ್ಕಿಬಿದ್ದ ಹುಡುಗ ದೊಡ್ಡ ಅಚ್ಚುಕೂಟಗಳಲ್ಲಿ ಕೂಲಿಗೆ ನಿಂತ. ಜತೆಗಾರರು ಬೆಳಗ್ಗಿನಿಂದ ಸಂಜೆಯ ತನಕ ದಿನಕ್ಕೆ ಆರು ಪಿಂಟು ಬಿಯರು ಕುಡಿದು, ಶನಿವಾರ ಕೂಲಿಯಲ್ಲಿ ನಾಲ್ಕೈದು ಶಿಲ್ಲಿಂಗು ಅದಕ್ಕೇ ಕೊಡುತ್ತಿದ್ದರು. ಇವನು ನೀರು ಕುಡಿದು, ಅವರು ಎರಡು ಕೈಯಲ್ಲಿ ಒಂದು ಮೊಳೆಯ ಚೌಕಟ್ಟು ಎತ್ತುವಲ್ಲಿ ಒಂದೊಂದು ಕೈಯಲ್ಲಿ ಒಂದೊಂದನ್ನು ಹೊತ್ತು ಮೆಟ್ಟಲು ಹತ್ತಿ ಇಳಿಯುತ್ತಿದ್ದ. ಆದರೆ ಇದೇ ಲಂಡನ್ ವಾಸದಲ್ಲಿ ದುಂದೂ ನಡೆಯಿತು. ಕಾದಿದ್ದ ಡೆಬೊರಾಳಿಗೆ ಒಂದೇ ಒಂದು ಪತ್ರ ಬರೆದು ಸುಮ್ಮನಾದ. ಅವಳನ್ನು ಮನೆಯವರು ಬೇರೊಬ್ಬನಿಗೆ ಮದುವೆ ಮಾಡಿ ಕೊಟ್ಟರು, ಆ ಗಂಡ ಸಾಲ ಮಾಡಿ ಪರಾರಿಯಾದ. ಇದಕ್ಕೂ ಮೊದಲು, ವೆರ್ನನ್ ಎಂಬವನ ಪರವಾಗಿ ವಸೂಲು ಮಾಡಿದ ಸುಮಾರು 35 ಪೌಂಡಿನಲ್ಲಿ ಕೈಹಾಕಿ ಸ್ನೇಹಿತನಿಗೆ ಕೊಟ್ಟು ಖರ್ಚು ಮಾಡಿದ್ದ. ವೆರ್ನನ್ ಯಾವತ್ತು ಕೇಳುವನೋ ಎಂಬ ಭಯ ವರ್ಷಗಟ್ಟಲೆ ಅವನ ಹಿಂದೆಯೇ ಇತ್ತು.

1726ರ ಜುಲಾಯಿಯಲ್ಲಿ ಊರಿಗೆ ಮರಳಲು ಹಡಗು ಹತ್ತಿದ. ಪ್ರಯಾಣಕ್ಕೆ ಸುಮಾರು 11 ವಾರ ಹಿಡಿಯಿತು. ಮಾಡಲು ಕೆಲಸವಿಲ್ಲ, ಸುತ್ತ ಸಮುದ್ರ. ಆಗ 20ರ ಪ್ರಾಯದ ಫ್ರಾಂಕ್ಲಿನ್ ತನ್ನ ಬಾಳಿನ ಕರಡನ್ನು ಮೊದಲ ಸಲ ಬಿಡಿಸಿ ನೋಡಿದ. ಕಾವ್ಯ ಬರೆಯುವವನಿಗೂ ಮೊದಲೇ ಒಂದು ಕ್ರಮ ಬೇಕೆಂದು ಹೇಳುತ್ತಾರೆ, ತನ್ನ ಬದುಕಿಗೆ ಮಾತ್ರ ಅಂತಹದೊಂದು ಇಲ್ಲದೆ ಅದು ಬಿಡಿಬಿಡಿ ದೃಶ್ಯಗಳಂತೆ ಕಲಸಿಹೋಗಿದೆ ಎಂದು ಬರೆದುಕೊಂಡ. ನಾಲ್ಕು ನಿಯಮ ಹಾಕಿಕೊಂಡ: ಸಾಲ ತೀರುವ ತನಕ ಬಿಗಿಯಾಗಿ ಖರ್ಚು ಮಾಡುವುದು, ಸತ್ಯ ನುಡಿಯುವುದು, ನೆರವೇರಿಸಲಾಗದ ಆಸೆಯನ್ನು ಯಾರಿಗೂ ಹುಟ್ಟಿಸದಿರುವುದು, ಹಿಡಿದ ಕೆಲಸದಲ್ಲಿ ದುಡಿಯುವುದು, ದಿಢೀರನೆ ಶ್ರೀಮಂತನಾಗುವ ಹಂಚಿಕೆಗೆ ಮನಗೊಡದಿರುವುದು, ಯಾರ ಬಗ್ಗೆಯೂ ಕೆಟ್ಟದ್ದು ಆಡದಿರುವುದು. ಎರಡನೆಯ ನಿಯಮ ಬರೆಯುವಾಗ ಗವರ್ನರ್ ಕೀತನ ಮುಖ ಕಣ್ಣೆದುರು ಬಂದಿರಬೇಕು.

1728ರಲ್ಲಿ ಮೆರೆಡಿತ್ ಎಂಬವನ ಪಾಲುಗಾರಿಕೆಯಲ್ಲಿ ಸ್ವಂತ ಅಚ್ಚುಕೂಟ ತೆರೆಯಿತು. ಮೊದಲು ಬಂದವನು ಹಳ್ಳಿಯ ಒಬ್ಬ ಒಕ್ಕಲಿಗ, ಮೊದಲ ಸಂಪಾದನೆ ಐದು ಶಿಲ್ಲಿಂಗು. ಆ ಹಣ ಕೊಟ್ಟಷ್ಟು ಸಂತೋಷವನ್ನು ಮುಂದೆ ಸಂಪಾದಿಸಿದ ಯಾವ ಹಣವೂ ಕೊಡಲಿಲ್ಲವೆಂದು ಅವನು ನೆನೆದಿದ್ದಾನೆ. ಕ್ವೇಕರ್ ಪಂಥದವರ ಚರಿತ್ರೆಯ 40 ಹಾಳೆಗಳ ಕೆಲಸ ಸಿಕ್ಕಿತು. ದಿನಕ್ಕೆ ಒಂದು ಹಾಳೆಯ ಮೊಳೆ ಜೋಡಿಸುವೆನೆಂದು ಹಟ ತೊಟ್ಟು ರಾತ್ರಿ 11ರ ವರೆಗೂ ದುಡಿಯುತ್ತಿದ್ದ. ಒಂದು ರಾತ್ರಿ ಪುಟ ಕಟ್ಟಿ, ದಿನ ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಚೌಕಟ್ಟು ಮುರಿದು ಎರಡು ಪುಟಗಳ ಮೊಳೆ ಚೆಲ್ಲಿಹೋಯಿತು. ಎಲ್ಲವನ್ನೂ ಹೆಕ್ಕಿ ಖಾನೆಗೆ ಹಾಕಿ, ಅವೆರಡು ಪುಟಗಳನ್ನು ಮತ್ತೆ ಜೋಡಿಸಿದ ಮೇಲೆಯೇ ಮಲಗಿದ. ಅವನ ಕಿಟಕಿಯ ದೀಪವನ್ನು ನೋಡಿದವರು ಪೇಟೆಯಲ್ಲಿ ಆಡಿಕೊಂಡರು, ವ್ಯಾಪಾರಿಗಳು ಸಾಲಕ್ಕೆ ಸಾಮಾನು ಕೊಡಲು ತಾವಾಗಿ ಬಂದರು. ದುಡಿಯುವುದಷ್ಟೇ ಅಲ್ಲ, ದುಡಿಯುವುದು ಕಾಣಿಸಲೂ ಬೇಕೆಂದು ತಿಳಿದಿದ್ದ ಅವನು ಕಾಗದದ ಕಟ್ಟುಗಳನ್ನು ಕೈಗಾಡಿಯಲ್ಲಿ ಹಾಕಿ ಬೀದಿಯಲ್ಲಿ ತಾನೇ ತಳ್ಳಿಕೊಂಡು ಬರುತ್ತಿದ್ದ. ಇದರಲ್ಲಿ ಸ್ವಲ್ಪ ನಾಟಕ ಇತ್ತೆನ್ನಬಹುದು. ಆದರೆ ಕೈಗಾಡಿಯಲ್ಲಿದ್ದ ಕಾಗದ ನಿಜವಾದ ಕಾಗದವೇ.

ಪಾಲುಗಾರ ಕುಡಿತಕ್ಕೆ ಬಿದ್ದ. ಹಣ ಹಾಕುವೆನೆಂದಿದ್ದ ಅವನ ತಂದೆಗೆ ಅರ್ಧ ಮಾತ್ರ ಕೊಡಲಾಯಿತು, ಉಳಿದದ್ದಕ್ಕೆ ದಾವೆ ಬಿತ್ತು. ಅಚ್ಚುಕೂಟ ಮುಳುಗುವ ಹೊತ್ತಿನಲ್ಲಿ ವಿಲಿಯಂ ಕೋಲ್ಮನ್, ರಾಬರ್ಟ್ ಗ್ರೇಸ್ ಎಂಬ ಇಬ್ಬರು ಸ್ನೇಹಿತರು, ಒಬ್ಬರಿಗೊಬ್ಬರು ತಿಳಿಯದಂತೆ, ಬೇಕಾದ ಹಣವನ್ನು ಕೊಡಲು ಮುಂದೆ ಬಂದರು. ಇಬ್ಬರಿಂದಲೂ ಅರ್ಧರ್ಧ ತೆಗೆದುಕೊಂಡು 1730ರಲ್ಲಿ ಫ್ರಾಂಕ್ಲಿನ್ ಒಬ್ಬನೇ ಒಡೆಯನಾದ. ಅದೇ ವರ್ಷ ಡೆಬೊರಾಳನ್ನು ಮನೆ ತುಂಬಿಸಿಕೊಂಡ. ಅವಳು ಅಂಗಡಿ ನೋಡಿದಳು, ಅಚ್ಚಾದ ಹಾಳೆ ಮಡಚಿ ಹೊಲಿದಳು, ಕಾಗದ ಮಾಡುವವರಿಗಾಗಿ ಹಳೇ ಬಟ್ಟೆ ಕೊಂಡು ಕೂಡಿಹಾಕಿದಳು. ವೆರ್ನನ್ನಿನ ಹಣವೂ ಬಡ್ಡಿ ಸಮೇತ ಸಂದಿತು.

ಈ ಸ್ನೇಹಿತರು ಎಲ್ಲಿಂದ ಬಂದರು? 1727ರಲ್ಲೇ ಫ್ರಾಂಕ್ಲಿನ್ ಜುಂಟೊ ಎಂಬ ಕೂಟ ಕಟ್ಟಿದ್ದ. ಶುಕ್ರವಾರ ಸಂಜೆ ಸೇರುತ್ತಿದ್ದ ಅದರಲ್ಲಿ ಇದ್ದವರು ದೊಡ್ಡ ಮನುಷ್ಯರಲ್ಲ. ಕಿಟಕಿಗೆ ಗಾಜು ಹಾಕುವವನು, ಮೋಚಿ ಕೆಲಸ ಕಲಿತವನು, ಬಡಗಿ, ಭೂಮಾಪಕ, ದಸ್ತಾವೇಜು ನಕಲು ಮಾಡುವವನು. ಪ್ರತಿ ಸಭೆಯಲ್ಲೂ ಓದಲು 24 ಪ್ರಶ್ನೆಗಳ ಪಟ್ಟಿ ಇತ್ತು. ಇತ್ತೀಚೆಗೆ ಓದಿದ್ದರಲ್ಲಿ ಹೇಳತಕ್ಕದ್ದೇನು, ಊರಿನಲ್ಲಿ ಯಾರ ವ್ಯಾಪಾರ ಬಿದ್ದಿತು ಮತ್ತು ಯಾವ ಕಾರಣದಿಂದ, ಯಾರು ಏಳಿಗೆಗೆ ಬಂದರು ಮತ್ತು ಯಾವ ದಾರಿಯಿಂದ, ಎಂಬಂತಹವು. ಸ್ವಂತ ಕಸುಬಿನವರು ವಾರಕ್ಕೊಂದು ಸಂಜೆ ಒಬ್ಬರ ಎದುರು ಒಬ್ಬರು ಕುಳಿತು ಬಿದ್ದವನ ಕಾರಣ ಹುಡುಕುವುದೆಂದರೆ ಅದು ಪರನಿಂದೆಯಾಗಲು ಎಷ್ಟು ಹೊತ್ತು! ಆದರೆ ಈ ಕೂಟ ಸುಮಾರು 40 ವರ್ಷ ಬಾಳಿತು. ಊರಿಗೆ ಪುಸ್ತಕ ಭಂಡಾರ ಬೇಕೆಂಬ ವಿಚಾರ ಈ ಬಳಗದಿಂದಲೇ ಹೊರಟು, 1731ರಲ್ಲಿ 50 ಮಂದಿ ತಲಾ 40 ಶಿಲ್ಲಿಂಗು ಕೊಟ್ಟು ಚಂದಾದಾರರ ಗ್ರಂಥಾಲಯ ಸ್ಥಾಪಿಸಿದರು.

ಇನ್ನು ಆ ಪುಟ್ಟ ಪುಸ್ತಕದ ವಿಷಯ. 1730ರ ದಶಕದ ಆರಂಭದಲ್ಲಿ, ಪತ್ರಿಕೆಯೂ ಪಂಚಾಂಗವೂ ಕೈಹಿಡಿಯುತ್ತಿದ್ದ ಕಾಲ. ಬಡವ ರಿಚರ್ಡನ ಹೆಸರಿನಲ್ಲಿ ಅವನು 1732ರ ಕೊನೆಗೆ ಹೊರತಂದ ಪಂಚಾಂಗ ಮುಂದೆ 25 ವರ್ಷ ನಡೆದು, ವರ್ಷಕ್ಕೆ ಸುಮಾರು 10,000 ಪ್ರತಿ ಖರ್ಚಾಗುತ್ತಿತ್ತು. ಆಗ ಅವನಿಗೆ ತನ್ನ ನಡತೆಯನ್ನು ಪೂರ್ಣವಾಗಿ ತಿದ್ದಿಕೊಳ್ಳಬೇಕೆಂಬ ಸಾಹಸ ಹೊಳೆಯಿತು. 12 ಗುಣಗಳನ್ನು ಬರೆದ: ಮಿತಾಹಾರ, ಮಿತಭಾಷೆ, ವ್ಯವಸ್ಥೆ, ದೃಢನಿಶ್ಚಯ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಪಟತೆ, ನ್ಯಾಯ, ಅತಿರೇಕವಿಲ್ಲದಿರುವುದು, ಶುಚಿತ್ವ, ಶಾಂತಿ, ಇಂದ್ರಿಯನಿಗ್ರಹ. ಈ ಪಟ್ಟಿಯನ್ನು ನೋಡಿದ ಕ್ವೇಕರ್ ಸ್ನೇಹಿತನೊಬ್ಬ, ಜನ ನಿನ್ನನ್ನು ಗರ್ವಿಷ್ಠನೆನ್ನುತ್ತಾರೆ, ಮಾತಿನಲ್ಲಿ ಗೆದ್ದರೆ ಸಾಲದೆ ಎದುರಿನವನನ್ನು ತುಳಿಯುತ್ತೀ ಎಂದು ಉದಾಹರಣೆ ಸಮೇತ ತೋರಿಸಿಕೊಟ್ಟ. ಆಗ ವಿನಯವೆಂಬ 13ನೆಯದು ಸೇರಿತು. ಇದನ್ನು ಓದುಗರು ಗಮನಿಸಬೇಕು. ತನ್ನ ತಪ್ಪನ್ನು ತಾನೇ ಹುಡುಕಲು ಕುಳಿತ ಬುದ್ಧಿವಂತನಿಗೆ 12 ಕಂಡವು. 13ನೆಯದು ಕಾಣಲು ಇನ್ನೊಬ್ಬನ ಕಣ್ಣು ಬೇಕಾಯಿತು.

ಪುಸ್ತಕದ ಒಂದೊಂದು ಪುಟಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ವಾರದ ಏಳು ದಿನಗಳಿಗೆ ಏಳು ಉದ್ದಗೆರೆ, 13 ಗುಣಗಳಿಗೆ 13 ಅಡ್ಡಗೆರೆ ಮಾಡಿದ. ರಾತ್ರಿ ಕುಳಿತು ದಿನವನ್ನು ನೆನೆದು, ತಪ್ಪಿದ್ದಲ್ಲಿ ಕಪ್ಪು ಚುಕ್ಕೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋಗಲಿಲ್ಲ. ತೋಟದ ಕಳೆ ಕೀಳುವವನು ಒಂದು ಪಾತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಹಾಗೆ ವಾರಕ್ಕೆ ಒಂದು ಗುಣ. ಉಳಿದವುಗಳ ಚುಕ್ಕೆ ಬಿದ್ದಂತೆ ಬೀಳಲಿ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ದಿನಕ್ಕೂ ಒಂದು ವೇಳಾಪಟ್ಟಿ ಇತ್ತು. ಬೆಳಗ್ಗೆ 5ಕ್ಕೆ ಎದ್ದು, ಇಂದು ಏನು ಒಳ್ಳೆಯದನ್ನು ಮಾಡಲಿ ಎಂದು ಕೇಳಿಕೊಳ್ಳುವುದು. 8ರಿಂದ 12 ಕೆಲಸ. 12ರಿಂದ 2ರ ವರೆಗೆ ಓದು ಅಥವಾ ಲೆಕ್ಕ ನೋಡುವುದು ಮತ್ತು ಊಟ. 6ರ ವರೆಗೆ ಮತ್ತೆ ಕೆಲಸ. ಅನಂತರ ಸಾಮಾನುಗಳನ್ನು ಅದರದರ ಜಾಗದಲ್ಲಿಟ್ಟು, ಉಂಡು, ಸಂಗೀತ ಅಥವಾ ಹರಟೆ. 10ಕ್ಕೆ ಮಲಗುವ ಮೊದಲು ಇಂದು ಏನು ಒಳ್ಳೆಯದಾಯಿತು ಎಂಬ ಪ್ರಶ್ನೆ.

ಫಲಿತಾಂಶ ಅವನು ನೆನೆಸಿದ್ದಕ್ಕಿಂತ ಕೆಟ್ಟದಾಗಿತ್ತು. ತನ್ನಲ್ಲಿ ಇಷ್ಟೊಂದು ತಪ್ಪುಗಳಿವೆಯೆಂದು ಅವನಿಗೇ ಗೊತ್ತಿರಲಿಲ್ಲ. ಹಳೇ ಚುಕ್ಕೆ ಕೆರೆದು ಹೊಸ ಸುತ್ತಿಗೆ ಎಡೆ ಮಾಡುವಾಗ ಕಾಗದದಲ್ಲಿ ತೂತುಗಳೇ ಆದವು. ಆಮೇಲೆ ದಂತದ ಹಾಳೆಗಳ ಪುಸ್ತಕದಲ್ಲಿ ಕೆಂಪು ಗೆರೆ ಉಳಿಯುವಂತೆ ಎಳೆದು, ಸೀಸದ ಕಡ್ಡಿಯಲ್ಲಿ ಚುಕ್ಕೆ ಹಾಕಿ, ಒದ್ದೆ ಸ್ಪಂಜಿನಿಂದ ಒರಸುವ ಉಪಾಯ ಕಂಡುಕೊಂಡ. ಮುದ್ರಕನ ಬುದ್ಧಿ!

ಎಲ್ಲಕ್ಕಿಂತ ಕಾಡಿದ್ದು ಮೂರನೆಯದು, ವ್ಯವಸ್ಥೆ. ಪ್ರತಿಯೊಂದು ವಸ್ತುವಿಗೆ ಒಂದು ಜಾಗ, ಪ್ರತಿಯೊಂದು ಕೆಲಸಕ್ಕೆ ಒಂದು ಹೊತ್ತು. ಕೂಲಿಯ ಮುದ್ರಕನಿಗೆ ಇದು ಸಾಧ್ಯವಾದೀತು, ಅವನ ಹೊತ್ತನ್ನು ಯಜಮಾನ ಗೊತ್ತುಮಾಡುತ್ತಾನೆ. ಆದರೆ ಸ್ವಂತ ಅಚ್ಚುಕೂಟದ ಒಡೆಯನ ಬಳಿಗೆ ಗಿರಾಕಿಗಳು ಅವರವರಿಗೆ ಬಿಡುವಾದ ಹೊತ್ತಿನಲ್ಲಿ ಬರುತ್ತಾರೆ, ಬಂದವನನ್ನು ಕಾಯಿಸಲಾಗದು ಎಂದು ಫ್ರಾಂಕ್ಲಿನ್ ಕಾರಣ ಕೊಡುತ್ತಾನೆ. ಸ್ವಂತ ಕಸುಬಿನವರಿಗೆ ಇದು ಹೊಸ ಮಾತಲ್ಲ. ಬೆಳಗ್ಗೆ ಹಾಕಿಕೊಂಡ ವೇಳಾಪಟ್ಟಿಯನ್ನು ಹತ್ತು ಗಂಟೆಗೆ ಬಂದ ಮೊದಲನೆಯ ಗಿರಾಕಿಯೇ ಕೆಡಿಸುತ್ತಾನೆ, ಅವನಿಲ್ಲದಿದ್ದರೆ ಊಟವೂ ಇಲ್ಲ. ನೆನಪಿನ ಶಕ್ತಿ ಚೆನ್ನಾಗಿದ್ದುದರಿಂದ ಚಿಕ್ಕಂದಿನಲ್ಲಿ ಅವ್ಯವಸ್ಥೆಯ ತೊಂದರೆ ಅವನಿಗೆ ತಟ್ಟಿರಲಿಲ್ಲ. ಮುಪ್ಪಿನಲ್ಲಿ ನೆನಪು ಕುಂದಿದಾಗ ತಟ್ಟಿತು. ಈ ಚುಕ್ಕೆಯನ್ನು ಒರಸಲಾರದೆ ಅವನೊಂದು ಕಥೆ ಹೇಳಿಕೊಂಡು ನಕ್ಕಿದ್ದಾನೆ. ಒಬ್ಬ ಆಚಾರಿಯಿಂದ ಕೊಡಲಿ ಕೊಂಡವನು ಬಾಯಿಯಂತೆ ಇಡೀ ಕೊಡಲಿ ಹೊಳೆಯಬೇಕೆಂದ. ಸಾಣೆಕಲ್ಲನ್ನು ನೀನು ತಿರುಗಿಸುವುದಾದರೆ ಆಗಬಹುದೆಂದ ಆಚಾರಿ, ಅಗಲ ಭಾಗವನ್ನು ಕಲ್ಲಿಗೆ ಬಲವಾಗಿ ಒತ್ತಿ ಹಿಡಿದ. ತಿರುಗಿಸಿ ತಿರುಗಿಸಿ ಸುಸ್ತಾದವನು ಕೊನೆಗೆ, ಸಾಕು, ತನಗೆ ಚುಕ್ಕೆ ಚುಕ್ಕೆಯ ಕೊಡಲಿಯೇ ಇಷ್ಟವೆಂದು ಹೊತ್ತುಕೊಂಡು ಹೋದನಂತೆ. ವಿನಯದ ವಿಷಯದಲ್ಲೂ ಹಾಗೆಯೇ. ಖಂಡಿತ, ನಿಸ್ಸಂದೇಹ ಎಂಬಂತಹ ಶಬ್ದಗಳನ್ನು ಬಿಟ್ಟು, ತನಗೆ ಹೀಗೆ ತೋರುತ್ತದೆ ಎನ್ನುವ ರೂಢಿ ಮಾಡಿಕೊಂಡ. ಇದರಿಂದ ಜನ ತನ್ನ ಮಾತನ್ನು ಹೆಚ್ಚು ಒಪ್ಪಿದರು, ಆದರೆ ಒಳಗಿನ ಗರ್ವ ಸಾಯಲಿಲ್ಲ, ಅದನ್ನು ಗೆದ್ದೆನೆಂದುಕೊಂಡರೆ ಆ ವಿನಯಕ್ಕೇ ಗರ್ವಪಟ್ಟೇನು ಎಂದು ಒಪ್ಪಿಕೊಂಡಿದ್ದಾನೆ.

ಮೊದಮೊದಲು ವರ್ಷಕ್ಕೆ ನಾಲ್ಕಿದ್ದ ಸುತ್ತುಗಳು ಮುಂದೆ ಒಂದಾದವು, ಮತ್ತೆ ಕೆಲವು ವರ್ಷಕ್ಕೊಂದು, ಕೊನೆಗೆ ಪ್ರಯಾಣ ಮತ್ತು ರಾಜಕಾರ್ಯಗಳ ನಡುವೆ ನಿಂತೇ ಹೋದವು. ಪುಸ್ತಕ ಮಾತ್ರ ಯಾವಾಗಲೂ ಜತೆಗಿತ್ತು. ಕಠಿಣ ನಿರ್ಧಾರ ಬಂದಾಗಲೂ ಅವನು ಕಾಗದಕ್ಕೇ ಶರಣು. 1772ರಲ್ಲಿ ವಿಜ್ಞಾನಿ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ತನ್ನ ಕ್ರಮವನ್ನು ವಿವರಿಸಿದ್ದಾನೆ: ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ, ಮೂರು ನಾಲ್ಕು ದಿನ ತೋಚಿದ್ದನ್ನೆಲ್ಲ ಬರೆದು, ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕಿ, ಉಳಿದದ್ದನ್ನು ನೋಡುವುದು.

ಹಣದ ಲೆಕ್ಕದಲ್ಲೂ ಅದೇ ಬಿಗಿ. ತನ್ನಲ್ಲಿ ಕೆಲಸ ಕಲಿತವರಿಗೆ ಬೇರೆ ಊರುಗಳಲ್ಲಿ ಅಚ್ಚುಕೂಟ ಹಾಕಿಸಿ, ಖರ್ಚಿನ ಮೂರನೆಯ ಒಂದಂಶ ಹೊತ್ತು ಲಾಭದಲ್ಲೂ ಅಷ್ಟೇ ಪಡೆಯುವ ಕರಾರು ಮಾಡುತ್ತಿದ್ದ. ಚಾರ್ಲ್ಸ್‌ಟನ್ ಪಟ್ಟಣದ ಪಾಲುಗಾರ ತಿಮೊಥಿ ವಿದ್ಯಾವಂತ, ಆದರೆ ಲೆಕ್ಕ ಕಳುಹಿಸುತ್ತಿರಲಿಲ್ಲ. 1738ರಲ್ಲಿ ಅವನು ತೀರಿಕೊಂಡ ಮೇಲೆ ವಿಧವೆ ಎಲಿಜಬೆತ್ ಅಚ್ಚುಕೂಟ ವಹಿಸಿಕೊಂಡು, ಹಿಂದಿನ ಲೆಕ್ಕವನ್ನು ಸಿಕ್ಕಿದಷ್ಟು ಸರಿಪಡಿಸಿ, ಮೂರು ಮೂರು ತಿಂಗಳಿಗೆ ತಪ್ಪದೆ ಲೆಕ್ಕ ಕಳುಹಿಸಿದಳು, ಮಕ್ಕಳನ್ನು ಸಾಕಿದಳು, ಕೊನೆಗೆ ಅಚ್ಚುಕೂಟವನ್ನು ಕೊಂಡು ಮಗನಿಗೆ ಕೊಟ್ಟಳು. ಹುಡುಗಿಯರಿಗೆ ಸಂಗೀತ ನೃತ್ಯಕ್ಕಿಂತ ಲೆಕ್ಕ ಬರೆಯುವುದನ್ನು ಕಲಿಸುವುದು ಮೇಲೆಂದು ಫ್ರಾಂಕ್ಲಿನ್ ಈ ಪ್ರಸಂಗದಲ್ಲಿ ಹೇಳಿದ್ದಾನೆ. ಅಣ್ಣ ಜೇಮ್ಸನೊಂದಿಗೂ ರಾಜಿಯಾಯಿತು. ಅಣ್ಣ ಸತ್ತ ಮೇಲೆ ಅವನ ಮಗನನ್ನು ಕರೆತಂದು, ಶಾಲೆಗೆ ಕಳುಹಿಸಿ, ಮುದ್ರಣ ಕಲಿಸಿ, ಹೊಸ ಮೊಳೆಗಳನ್ನು ಕೊಟ್ಟು ಕಳುಹಿಸಿದ. ಮೊದಲನೆಯ ತಪ್ಪಿನ ತಿದ್ದುಪಡಿ ಅದು.

1748ರಲ್ಲಿ, 42ನೆಯ ಪ್ರಾಯದಲ್ಲಿ, ಲಾಭದ ಅರ್ಧ 18 ವರ್ಷ ತನಗೆ ಬರುವಂತೆ ಡೇವಿಡ್ ಹಾಲ್ ಎಂಬವನಿಗೆ ಅಚ್ಚುಕೂಟ ವಹಿಸಿ ಅವನು ದಿನದ ದುಡಿಮೆಯಿಂದ ಬಿಡುಗಡೆ ಪಡೆದ. ವಿದ್ಯುತ್ತಿನ ಪ್ರಯೋಗಗಳು, 1752ರ ಗಾಳಿಪಟ, ಲಂಡನ್ನಿನಲ್ಲಿ ವಸಾಹತುಗಳ ವಕಾಲತ್ತು, 1776, ಪ್ಯಾರಿಸ್ಸಿನ ರಾಯಭಾರ, ಎಲ್ಲ ಆಮೇಲಿನವು.

ಆದರೆ ಲೆಕ್ಕ ಬರೆಯುವಾಗ ಎರಡೂ ಕಡೆ ಬರೆಯಬೇಕು. ಲಂಡನ್ನಿನಲ್ಲಿ ವರ್ಷಾನುಗಟ್ಟಲೆ ಉಳಿದ ಅವನನ್ನು ಡೆಬೊರಾ ಕೊನೆಯ ಹತ್ತು ವರ್ಷ ನೋಡಲೇ ಇಲ್ಲ. 1774ರ ಡಿಸೆಂಬರಿನಲ್ಲಿ ಅವಳು ಸತ್ತಾಗ ಗಂಡ ಸಮುದ್ರದ ಆಚೆಗಿದ್ದ. ಇದಕ್ಕಿಂತ ದೊಡ್ಡದೊಂದಿದೆ. ಫ್ರಾಂಕ್ಲಿನನ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು, ಓಡಿಹೋದ ಗುಲಾಮರನ್ನು ಹಿಡಿದು ಕೊಡುವವರಿಗೆ ಬಹುಮಾನದ ಪ್ರಕಟಣೆಗಳು ಬರುತ್ತಿದ್ದವು, ಅದರ ಹಣ ಅಂಗಡಿಯ ಜಮೆಗೆ ಸೇರುತ್ತಿತ್ತು. ಕರಾರು ಮುರಿದು ಅಣ್ಣನ ಬಳಿಯಿಂದ ಓಡಿಬಂದ ಹುಡುಗನೇ ಈ ಜಾಹೀರಾತುಗಳಿಗೆ ಮೊಳೆ ಜೋಡಿಸಿದ ಎಂಬುದನ್ನು ಮರೆಯಲಾಗುವುದಿಲ್ಲ. ನ್ಯಾಯವೆಂಬ ಎಂಟನೆಯ ಅಡ್ಡಗೆರೆ ಪುಸ್ತಕದಲ್ಲಿತ್ತು. ಯಾರಿಗೂ ಅನ್ಯಾಯ ಮಾಡಬಾರದೆಂದು ಅದರ ವಿವರಣೆ. ರಾತ್ರಿ ರಾತ್ರಿ ಚುಕ್ಕೆ ಹಾಕಲು ಕುಳಿತವನ ಆತ್ಮಕಥೆಯ ತಪ್ಪುಗಳ ಪಟ್ಟಿಯಲ್ಲಿ ಸ್ನೇಹಿತನ 35 ಪೌಂಡು ಇದೆ, ಗುಲಾಮರು ಇಲ್ಲ. ಗೆರೆ ಎಳೆದದ್ದಕ್ಕೆ ಮಾತ್ರ ಚುಕ್ಕೆ ಬೀಳುತ್ತದೆ. ಸುತ್ತಲಿನ ಪೇಟೆಯೆಲ್ಲ ಸರಿಯೆಂದು ನಂಬಿದ್ದು ಪುಸ್ತಕದೊಳಗೆ ಬರುವುದೇ ಇಲ್ಲ.

ಈ ಗೆರೆಯನ್ನೂ ಇತರರೇ ಎಳೆಸಬೇಕಾಯಿತು. ಕ್ವೇಕರರಲ್ಲಿ ಕೆಲವರು ಮೊದಲಿನಿಂದ ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದರು. ಫಿಲಡೆಲ್ಫಿಯಾದ ಕಪ್ಪು ಮಕ್ಕಳ ಶಾಲೆಯೊಂದನ್ನು ಫ್ರಾಂಕ್ಲಿನ್ 1763ರಲ್ಲಿ ಸಂದರ್ಶಿಸಿ, ಬಿಳಿಯ ಮಕ್ಕಳಿಗೆ ಸಮಾನವಾಗಿ ಅವರು ಕಲಿಯುವುದನ್ನು ಕಂಡು, ತನ್ನ ಹಿಂದಿನ ಅಭಿಪ್ರಾಯ ಬದಲಾಯಿತೆಂದು ಬರೆದ. ಶಾಲೆಯ ತರಗತಿಯೊಂದು ಅಂತಹ ಮನುಷ್ಯನನ್ನು ತಿದ್ದಿತೆಂದು ಓದುವಾಗ ಅಧ್ಯಾಪಕನಾದ ನನಗೆ ಸಂತೋಷವಾಗುತ್ತದೆ. ಆದರೆ ಆಗ ಅವನಿಗೆ 57. ಮತ್ತೆ 24 ವರ್ಷ ಕಳೆದು, 1787ರಲ್ಲಿ, ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯನ್ನು ಅಳಿಸಬೇಕೆಂಬ ಮನವಿಗೆ ರುಜು ಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದ. ತನಗೆ ಅಧಿಕಾರವಿಲ್ಲವೆಂದು ಕಾಂಗ್ರೆಸ್ಸು ಅದನ್ನು ಬದಿಗಿರಿಸಿತು. ಹಾಸಿಗೆ ಹಿಡಿದಿದ್ದ ಮುದುಕ ಮಾರ್ಚ್ ತಿಂಗಳಲ್ಲಿ ಗುಲಾಮಗಿರಿಯ ಸಮರ್ಥಕರನ್ನು ಗೇಲಿ ಮಾಡಿ ಪತ್ರಿಕೆಗೆ ಒಂದು ಲೇಖನ ಬರೆದ. ಬಾಗಿಲ ಸಂದಿಯಿಂದ ತೂರಿಸಿದ ಹುಡುಗಾಟದ ಪತ್ರಗಳಂತೆ ಇದೂ ಬೇರೊಬ್ಬನ ಹೆಸರಿನಲ್ಲಿತ್ತು. ಪತ್ರಿಕೆಗೆ ಅವನು ಬರೆದ ಕೊನೆಯ ಬರಹ ಅದೇ. ಏಪ್ರಿಲ್ 17ರಂದು, 84ನೆಯ ಪ್ರಾಯದಲ್ಲಿ, ಫಿಲಡೆಲ್ಫಿಯಾದಲ್ಲಿ ತೀರಿಕೊಂಡ.

ಆತ್ಮಕಥೆಯನ್ನು ಅವನು 1771ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿ, 1784ರಲ್ಲಿ ಫ್ರಾನ್ಸಿನಲ್ಲಿ ಮುಂದುವರಿಸಿ, 1788ರಲ್ಲಿ ಊರಿನಲ್ಲಿ ಮತ್ತೆ ಕೈಗೆತ್ತಿಕೊಂಡರೂ ಮುಗಿಸಲಾಗಲಿಲ್ಲ. ಅದೇ ಬಾಳನ್ನು ಮತ್ತೊಮ್ಮೆ ಬಾಳಲು ಒಪ್ಪುತ್ತೇನೆ, ಗ್ರಂಥಕರ್ತರಿಗೆ ಇರುವಂತೆ ಎರಡನೆಯ ಮುದ್ರಣದಲ್ಲಿ ಮೊದಲನೆಯದರ ತಪ್ಪು ತಿದ್ದುವ ಅವಕಾಶ ಮಾತ್ರ ಬೇಕು ಎಂಬರ್ಥದ ಮಾತು ಅದರ ಮೊದಲ ಪುಟಗಳಲ್ಲೇ ಇದೆ. ಮರಣಶಾಸನದಲ್ಲಿ ತನ್ನ ಹೆಸರಿನ ಮುಂದೆ ಮೊದಲು ಬರೆದದ್ದು ಮುದ್ರಕ ಎಂದು; ರಾಯಭಾರಿ ಮೊದಲಾದ ಪದವಿಗಳು ಅದರ ಬಳಿಕ.

ಬಾಸ್ಟನ್ನಿಗೂ ಫಿಲಡೆಲ್ಫಿಯಾಕ್ಕೂ ತಲಾ 1,000 ಪೌಂಡು ಇಟ್ಟ. ಕಸುಬು ಕಲಿತ, ಮದುವೆಯಾದ, 25ರ ಒಳಗಿನ ಯುವಕರಿಗೆ ಸ್ವಂತ ಅಂಗಡಿ ಹಾಕಲು ಅದರಿಂದ 15ರಿಂದ 60 ಪೌಂಡಿನ ವರೆಗೆ ಸಾಲ ಕೊಡಬೇಕು. ಬಡ್ಡಿ ನೂರಕ್ಕೆ ಐದು, ಅಸಲು ವರ್ಷಕ್ಕೆ ಹತ್ತರಲ್ಲೊಂದು ಪಾಲಿನಂತೆ ತೀರಬೇಕು, ಇಬ್ಬರು ಮರ್ಯಾದಸ್ಥರು ಜಾಮೀನು ನಿಲ್ಲಬೇಕು. ತಾನು ಚಿಕ್ಕವನಿದ್ದಾಗ ಇಬ್ಬರು ಸ್ನೇಹಿತರು ಕೊಟ್ಟ ಸಾಲದಿಂದ ನೆಲೆನಿಂತವನೆಂದು ಕಾರಣವನ್ನೂ ಬರೆದಿಟ್ಟ. ನಿಧಿ 200 ವರ್ಷ ನಡೆಯಬೇಕೆಂದು ಲೆಕ್ಕ ಹಾಕಿದ್ದ. ಕಾರ್ಖಾನೆಗಳು ಬಂದು ಹಳೇ ರೀತಿಯ ಕಸುಬುದಾರರು ಕಡಿಮೆಯಾದಂತೆ ಸಾಲ ಕೇಳುವವರೂ ಕಡಿಮೆಯಾದರು. ಬಾಸ್ಟನ್ನಿನ ಹಣದ ಒಂದು ಪಾಲಿನಿಂದ 1908ರಲ್ಲಿ ಕೈಕೆಲಸ ಕಲಿಸುವ ಶಾಲೆಯೊಂದು ತೆರೆಯಿತು. 1990ರಲ್ಲಿ ಅವಧಿ ಮುಗಿದು ಲೆಕ್ಕ ಮಾಡುವಾಗ ಬಾಸ್ಟನ್ನಿನಲ್ಲಿ ಸುಮಾರು 50 ಲಕ್ಷ ಡಾಲರ್, ಫಿಲಡೆಲ್ಫಿಯಾದಲ್ಲಿ ಸುಮಾರು 20 ಲಕ್ಷ ಡಾಲರ್ ಉಳಿದಿತ್ತು.